ಬೆಕ್ಕಿಗೆ ಕೊನೆಯ ಇಂಜೆಕ್ಷನ್ ಯಾವಾಗ?

ಬಳ್ಳಾರಿಯಲ್ಲಿ ನರಳುವ ಬೆಕ್ಕಿಗೆ ನೋವಿಲ್ಲದೆ ಜೀವ ತೆಗೆಯುವ ಇಂಜೆಕ್ಷನ್ ಕೊಡಿಸೋಣ ಅಂದರೆ ಮನೆಯ ಹಿರಿಯರು ಬಂಗಾರದ ಬೆಕ್ಕಿನ ಮಾತು ತೆಗೆಯುತ್ತಾರೆ: ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು. ನಾನಿರುವ ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಲೆಕ್ಕ ಬೇರೆ. ನೋವಿಲ್ಲದೆ ಜೀವ ತೆಗೆಯುವುದು ತಪ್ಪಲ್ಲ, ಸುಮ್ಮನೆ ನರಳಲು ಬಿಡುವುದು ಅಪರಾಧ. ಹಾಗಂತ ಒಳ್ಳೆಯ ಡಾಕ್ಟರು ಯಾರೂ ಅವಸರಪಡುವುದಿಲ್ಲ. ರೋಗ ಯಾವುದೆಂದು ತಿಳಿಯುವುದು ಮೊದಲು.

ಯಾಕೆಂದರೆ ಸತ್ತೇ ಹೋಯಿತು ಅನ್ನಿಸಿದ ಬೆಕ್ಕುಗಳು ಎದ್ದು ಓಡಾಡುತ್ತವೆ. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದರೆ ನಾಳ ಕಟ್ಟಿದೆ; ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ, ಸಮಯಕ್ಕೆ ನಳಿಕೆ ಹಾಕಿದರೆ ಉಳಿಯುತ್ತದೆ. ದಪ್ಪ ಬೆಕ್ಕು ಮೂರ್ನಾಲ್ಕು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಿವಿಯ ಒಳಭಾಗ ಹಳದಿಯಾಗುತ್ತದೆ. ಕುತ್ತಿಗೆಯ ನಳಿಕೆಯಿಂದ ವಾರಗಟ್ಟಲೆ ಉಣಿಸಿದರೆ ಅದೂ ಚೇತರಿಸಿಕೊಳ್ಳಬಹುದು. ಹೊಟ್ಟೆಯಲ್ಲಿ ನೀರು ತುಂಬುವ ಎಫ್‌ಐಪಿ ಎಂಬ ವೈರಸ್ ರೋಗ ಹಿಂದೆ ಸಾವೇ ಆಗಿತ್ತು. ಈಗ ಜಿಎಸ್-441524 ಔಷಧವನ್ನು ಸಾಮಾನ್ಯವಾಗಿ 84 ದಿನ ಕೊಡುತ್ತಾರೆ, ಇಂಗ್ಲೆಂಡಿನಲ್ಲಿ 2021ರಿಂದ ಡಾಕ್ಟರ ಚೀಟಿಗೆ ಸಿಗುತ್ತಿದೆ. ದುಬಾರಿ. ಖರ್ಚಿನ ಅಂದಾಜನ್ನು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ಮುದಿ ಬೆಕ್ಕಿನ ಕಿಡ್ನಿ ಮಾತ್ರ ಮೊದಲಿನಂತೆ ಆಗುವುದಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ 5 (ಎಂಜಿ/ಡಿಎಲ್) ದಾಟಿದರೆ ನಾಲ್ಕನೇ, ಅಂದರೆ ಕೊನೆಯ ಹಂತ. ಆದರೆ ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ಮೈಯ ನೀರು ಆರಿದ ಬೆಕ್ಕಿನ ರಕ್ತದಲ್ಲಿ ಆ ಸಂಖ್ಯೆ ಸುಳ್ಳೇ ಏರಿರುತ್ತದೆ. ಎರಡು ಮೂರು ದಿನ ಡ್ರಿಪ್ ಕೊಡಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನಿಸಿ.

ಡಾಕ್ಟರು ಒಪ್ಪಿದರೆ ಮನೆಯಲ್ಲೇ ಚರ್ಮದ ಕೆಳಗೆ ನೀರು ಕೊಡಬಹುದು. ನಾಲ್ಕು ಕಿಲೋ ಬೆಕ್ಕಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 100 ಎಂಎಲ್ ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ನ ಲವಣದ ನೀರು), 20 ಗೇಜ್ ಸೂಜಿ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಹೆಗಲ ನಡುವಿನ ಚರ್ಮವನ್ನು ಗುಡಾರದಂತೆ ಎತ್ತಿ ಅದರ ಬುಡಕ್ಕೆ ಸೂಜಿ ಹಾಕಿ. ಕೂದಲು ಒದ್ದೆಯಾದರೆ ಸೂಜಿ ಆಚೆ ಬದಿಗೆ ತೂರಿದೆ. ನೀರಿನ ಗಂಟು ಕಾಲಿನ ಕಡೆ ಜಾರುತ್ತದೆ, ಕೆಲವು ಗಂಟೆಯಲ್ಲಿ ಇಂಗುತ್ತದೆ. ನಿನ್ನೆಯದು ಇಂಗಿರದಿದ್ದರೆ ಇವತ್ತು ಕೊಡಬೇಡಿ. ನಿದ್ದೆಯಲ್ಲಿ ಉಸಿರು ಎಣಿಸಿ. ನಿಮಿಷಕ್ಕೆ 30 ದಾಟುತ್ತಿದ್ದರೆ ಶ್ವಾಸಕೋಶಕ್ಕೆ ನೀರು ಹೋಗುತ್ತಿರಬಹುದು, ನಿಲ್ಲಿಸಿ ಡಾಕ್ಟರಿಗೆ ಹೇಳಿ. ನೋವಿಗೆಂದು ಪ್ಯಾರಾಸಿಟಮಾಲ್ ಮಾತ್ರ ಬೇಡವೇ ಬೇಡ, ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು.

ಸಾಕು ಅನ್ನುವುದು ಯಾವಾಗ? ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳು ಎಂಬ ಏಳಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಪಟ್ಟಿಯಿದೆ; ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು, ನೋವಿಲ್ಲದಿದ್ದರೆ ನೋವಿಗೆ ಹತ್ತು. ಮೊತ್ತ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಅದಕ್ಕಿಂತ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ನಂಬಿಕೆಗೆ ಅರ್ಹ. ತಾನಾಗಿ ತಿಂದು, ಮೈ ನೆಕ್ಕಿಕೊಂಡ ದಿನಕ್ಕೊಂದು ಗುರುತು ಹಾಕಿ. ವಾರದಲ್ಲಿ ಖಾಲಿ ಮನೆಗಳೇ ಹೆಚ್ಚಾದರೆ ಉತ್ತರ ಸಿಕ್ಕಿತು. ಗುರುಗುಟ್ಟುವುದನ್ನು ನೆಮ್ಮದಿ ಅಂದುಕೊಳ್ಳಬೇಡಿ, ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಹಿಂಗಾಲು ಒಮ್ಮೆಲೇ ಬಿದ್ದು, ತಣ್ಣಗಾಗಿ, ಬೆಕ್ಕು ಚೀರಿದರೆ ಅದು ರಕ್ತ ಹೆಪ್ಪುಗಟ್ಟಿದ್ದು. ಕ್ಯಾಲೆಂಡರ್ ನೋಡುತ್ತಾ ಕೂರದೆ ಆಗಲೇ ಒಯ್ಯಿರಿ.

ಕೊನೆಯ ದಿನ ಡಾಕ್ಟರನ್ನು ಕೇಳಬೇಕಾದ್ದು: ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತೀರಾ? ಅದಾದ ಮೇಲೆಯೇ ಅರಿವಳಿಕೆಯ ದೊಡ್ಡ ಡೋಸು ರಕ್ತನಾಳಕ್ಕೆ ಹೋಗಬೇಕು. ಪ್ರಜ್ಞೆಯಿರುವ ಬೆಕ್ಕಿಗೆ ಮೆಗ್ನೀಸಿಯಂ ಸಲ್ಫೇಟ್ ಒಂದನ್ನೇ ಕೊಡುವುದಾದರೆ ಒಪ್ಪಬೇಡಿ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ಉಸಿರು ಎಳೆದಂತೆ ಕಾಣಬಹುದು, ಮೂತ್ರ ಹೋಗಬಹುದು; ಆಗ ಅದಕ್ಕೆ ನೋವಿಲ್ಲ. ಕೈ ಅದರ ತಲೆಯ ಮೇಲಿರಲಿ, ಸ್ಟೆತಸ್ಕೋಪ್ ಇಟ್ಟು ಎದೆಬಡಿತ ನಿಂತಿತೆಂದು ಡಾಕ್ಟರು ಹೇಳುವವರೆಗೂ. ಹೂಳುವ ಗುಂಡಿ ಮೂರಡಿ ಆಳವಿರಲಿ, ಮೇಲೆ ಕಲ್ಲು ಹೇರಿ. ಆ ಔಷಧ ಮೈಯಲ್ಲೇ ಉಳಿಯುತ್ತದೆ, ಕೆದರಿ ತಿಂದ ನಾಯಿಯೂ ಸಾಯಬಹುದು.