ಅಮ್ಮನ ಮಂಡಿ ಪ್ರಾಜೆಕ್ಟ್: ಮೂರನೇ ಅಪ್ಡೇಟ್

ಅಮ್ಮಂಗೆ ಮಂಡಿ ಸವೆದು ನೋವು, ಅದಕ್ಕೆ ಮನೇಲಿ ಏನೇನು ಮಾಡ್ತಿದೀವಿ ಅನ್ನೋದು ಇದು. ಬಾತ್‌ರೂಮ್ ಕೆಲ್ಸ ಅಂತೂ ಮುಗೀತು. ವೆಸ್ಟರ್ನ್ ಕಮೋಡ್ ಹಾಕ್ಸಿ ಮೇಲೆ ಸೀಟು ಎತ್ತರ ಮಾಡೋ 4 ಇಂಚಿನ ರೈಸರ್ ಕೂರ್ಸಿದೀವಿ, ಪಕ್ಕದ ಗೋಡೆಗೆ ಸ್ಟೀಲ್ ಹಿಡಿ. ಪ್ಲಂಬರ್ ಟವೆಲ್ ರಾಡೇ ಸಾಕು ಸಾರ್ ಅಂದ, ಅಮ್ಮ ಪೂರ್ತಿ ಭಾರ ಬಿಟ್ಟು ಏಳೋದು ಅದ್ರ ಮೇಲೇನೆ ಅಂತ ಹೇಳಿ ಗಟ್ಟಿ ಬೋಲ್ಟ್ ಹಾಕ್ಸಿದೆ.

ಅಡುಗೆಮನೇಲಿ ಜಗಳ ಈಳಿಗೆಮಣೆದು. ಚಾಕು ಕೊಟ್ರೆ ಬೇಡ, ನೆಲದಲ್ಲಿ ಮಂಡಿ ಮಡಚಿ ಕೂತ್ರೆ ಏಳೋಕಾಗಲ್ಲ. ಕೊನೆಗೆ ಟೇಬಲ್ ಅಂಚಿಗೆ ಎರಡು ಕ್ಲಾಂಪ್ ಹಾಕಿ ಈಳಿಗೆಮಣೆನೇ ಬಿಗಿದೆ, ಕುರ್ಚೀಲಿ ಕೂತು ಹುರುಳಿಕಾಯಿ ಹೆಚ್ಚುತಾರೆ. ಕಾಯಿ ತುರಿಯೋವಾಗ ಇನ್ನೂ ಸ್ವಲ್ಪ ಅಲ್ಲಾಡುತ್ತೆ, ಕೆಳಗೆ ರಬ್ಬರ್ ಶೀಟ್ ಕೊಡ್ಬೇಕು.

ನಿಜವಾದ ಕೆಲ್ಸ ತೊಡೆ ಗಟ್ಟಿ ಮಾಡೋದು. ಮಂಡಿ ಎಕ್ಸ್‌ರೇಲಿ ಗ್ರೇಡ್ 3, ಅಂದ್ರೆ ಕೀಲಿನ ಸಂದು ಕಿರಿದಾಗಿದೆ, ಮೂಳೆ ಅಂಚಲ್ಲಿ ಮುಳ್ಳು ಬೆಳೆದಿದೆ, 4 ಆದ್ರೆ ಕೊನೆ ಹಂತ. ಆದ್ರೆ ಎಕ್ಸ್‌ರೇ ಎಷ್ಟು ಕೆಟ್ಟದೋ ನೋವೂ ಅಷ್ಟೇ ಅಂತೇನಿಲ್ಲ, ಇದನ್ನ ಡಾಕ್ಟ್ರೇ ಹೇಳಿದ್ದು. "ಸವೆದಿರೋದನ್ನ ಇನ್ನೂ ಸವೆಸ್ತೀಯೇನೋ" ಅಂತ ಅಮ್ಮ ಎಕ್ಸರ್ಸೈಜ್ ಅಂದ್ರೆ ಸಿಡುಕ್ತಿದ್ರು, ನಮ್ಮ ನೆಂಟ್ರೂ ಬಂದೋರೆಲ್ಲ ರೆಸ್ಟ್ ಮಾಡಿ ಅಂತಾನೇ ಹೇಳೋದು. ಆದ್ರೆ ಮೂಳೆ ತುದಿ ಮೇಲಿರೋ ಮೆತ್ತೆ, ಅಂದ್ರೆ ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಕೀಲಿನ ದ್ರವದಿಂದಾನೇ ಅದಕ್ಕೆ ಪೋಷಣೆ, ಆ ದ್ರವ ಒಳಗೆ ಹೋಗ್ಬೇಕಾದ್ರೆ ಕಾಲು ಆಡ್ತಾ ಇರ್ಬೇಕು, ಅದೂ ಅಲ್ದೆ ಕೂತು ಕೂತು ತೊಡೆ ಸೊರಗಿದ್ರೆ ಎಲ್ಲಾ ಭಾರನೂ ಮಂಡಿಗೇ ಬೀಳುತ್ತೆ. ಇದು ಫಿಸಿಯೋ ಬಾಯಿಂದ ಬಂದ್ಮೇಲೆ ಒಪ್ಪಿದ್ರು, ನಾನು ಹೇಳಿದ್ರೆ ಲೆಕ್ಕಕ್ಕಿಲ್ಲ.

ಈಗ ನಡೀತಿರೋದು: ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯೋದು, ನೆಟ್ಟಗೆ ಕಾಲೆತ್ತೋದು, ಕೈ ಊರದೆ ಕುರ್ಚಿಯಿಂದ ಏಳೋದು. ಮಾಡುವಾಗ ಸ್ವಲ್ಪ ನೋವು ಬಂದ್ರೆ ಪರ್ವಾಗಿಲ್ಲ, ಮಾರ್ನೇ ದಿನಕ್ಕೂ ಉಳಿದ್ರೆ ಕಮ್ಮಿ ಮಾಡ್ಬೇಕು. ಕಾಲೆತ್ತೋದು ಸಲೀಸಾಯ್ತು ಅಂತ ಹಳೇ ಪಂಚೆ ತುಂಡಲ್ಲಿ ಅರ್ಧ ಕೆಜಿ ಅಕ್ಕಿ ಹೊಲಿದು ಪಾದದ ಹತ್ರ ಕಟ್ಟೋ ತೂಕ ಮಾಡ್ದೆ. ರೇಷನ್ ಅಕ್ಕಿನೇ ಹಾಕು ಅಂತ ಆರ್ಡರ್ ಆಗಿತ್ತು.

ನೋವಿಗೆ ಡೈಕ್ಲೋಫೆನಾಕ್ ಜೆಲ್. ಬಿಪಿ ಇರೋದ್ರಿಂದ ನೋವಿನ ಮಾತ್ರೆ ಡಾಕ್ಟ್ರು ಹೇಳಿದ್ರೆ ಮಾತ್ರ, ಕಿಡ್ನಿಗೂ ಪೆಟ್ಟು ಅದು. ಕೀಲಿಗೆ ಒಳ್ಳೇದು ಅಂತ ಮಾರೋ ಗ್ಲುಕೋಸಮೈನ್ ಡಬ್ಬಿ ಯಾರೋ ತಂದುಕೊಟ್ರು, ಉಪಯೋಗಕ್ಕೆ ಗಟ್ಟಿ ಪುರಾವೆ ಇಲ್ಲ, ದುಡ್ಡು ದಂಡ ಅನ್ಸುತ್ತೆ ನಂಗೆ.

ಕೋಲು ಮಾತ್ರ ಇನ್ನೂ ಆಗಿಲ್ಲ. ಬಲಮಂಡಿ ನೋವಿಗೆ ಎಡಗೈಲಿ ಹಿಡೀಬೇಕು, ಆದ್ರೆ ಕೋಲು ಅಂದ್ರೆ ಮುದುಕಿ ಆದೆ ಅಂತ ಮುಖ ತಿರುಗಿಸ್ತಾರೆ, ಕೊಡೆ ಆದ್ರೆ ಸರಿಯಂತೆ. ಕೊಡೆ ಅಷ್ಟು ಭಾರ ತಡೆಯಲ್ಲ, ಹಂಗಾಗಿ ಗಟ್ಟಿ ಕೋಲಿಗೇ ಕೊಡೆ ಹಿಡಿ ಕೂರ್ಸಿ ತುದಿಗೆ ರಬ್ಬರ್ ಬುಷ್ ಹಾಕೋಣ ಅಂತ ಪ್ಲಾನು. ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರ್ಬೇಕು, ಇವತ್ತು ಚಪ್ಪಲಿ ಹಾಕ್ಸಿ ನಿಲ್ಲಿಸಿ ಅಳತೆ ತಗೊಂಡೆ.