ಲವಂಗದೆಣ್ಣೆಯ ಎನ್‌ಎಂಆರ್: ಮೂರನೆಯ ವಾರ

ಅಣುವಿನ ಹೈಡ್ರೋಜನ್‌ಗಳು ಬಲವಾದ ಕಾಂತಕ್ಷೇತ್ರದಲ್ಲಿ ರೇಡಿಯೋ ಅಲೆಗಳಿಗೆ ಸ್ಪಂದಿಸುವುದನ್ನು ಪೀಕುಗಳ ಸಾಲಾಗಿ, ಅಂದರೆ ರೋಹಿತವಾಗಿ, ತೋರಿಸುವ ವಿಧಾನ ಎನ್‌ಎಂಆರ್. ಎರಡನೆಯ ರೋಹಿತ ಇಂದು ಕೈಗೆ ಬಂತು. 2.3 ಪಿಪಿಎಂ (ರೋಹಿತದಲ್ಲಿ ಪೀಕಿನ ಸ್ಥಾನದ ಅಳತೆ) ಬಳಿ ಕಾಡುತ್ತಿದ್ದ ಪುಟ್ಟ ಪೀಕ್ ಮಾಯವಾಗಿದೆ!

ಲವಂಗ ಕುಟ್ಟಿ, ಹಬೆಯಲ್ಲಿ ಭಟ್ಟಿ ಇಳಿಸಿ ಎಣ್ಣೆ ತೆಗೆದದ್ದು ಮೊದಲ ವಾರ. ಅದರಲ್ಲಿ ಬಹುಪಾಲು ಯೂಜಿನಾಲ್, ಲವಂಗಕ್ಕೆ ಘಮ ಕೊಡುವ ಸಂಯುಕ್ತ. ಸುಮಾರು 10 ಮಿಲಿಗ್ರಾಂ ಎಣ್ಣೆಯನ್ನು 0.6 ಮಿ.ಲೀ. ಡ್ಯೂಟೀರಿಯಂ ಕ್ಲೋರೋಫಾರ್ಮಿನಲ್ಲಿ (ಹೈಡ್ರೋಜನ್ ಬದಲು ಅದರ ಭಾರವಾದ ರೂಪ ಡ್ಯೂಟೀರಿಯಂ ಇರುವ ದ್ರಾವಕ) ಕರಗಿಸಿ, ವಿಭಾಗದ 400 ಮೆಗಾಹರ್ಟ್ಸ್ ಯಂತ್ರಕ್ಕೆ ಕೊಟ್ಟಿದ್ದೆ. ಸಾಮಾನ್ಯ ಕ್ಲೋರೋಫಾರ್ಮ್ ಬಳಸಿದರೆ ಅದರ ಹೈಡ್ರೋಜನ್‌ಗಳೇ ದೊಡ್ಡ ಪೀಕಾಗಿ ಎಣ್ಣೆಯ ಪೀಕುಗಳನ್ನು ಕುಗ್ಗಿಸಿಬಿಡುತ್ತವೆ.

ಓದುವುದಕ್ಕೆ ಸುಲಭವಾದದ್ದು 3.87ರ ಒಂಟಿ ಪೀಕ್: ಮೀಥಾಕ್ಸಿಯ (ಆಕ್ಸಿಜನ್‌ಗೆ ಅಂಟಿದ ಸಿಎಚ್3) ಮೂರು ಹೈಡ್ರೋಜನ್. ಪಕ್ಕದ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಆ ಹೈಡ್ರೋಜನ್‌ಗಳ ಎಲೆಕ್ಟ್ರಾನ್ ಹೊದಿಕೆ ತೆಳುವಾಗಿ, ಪೀಕ್ ಎಡಕ್ಕೆ ಸರಿದಿದೆ.

ಒಂದು ಇಡೀ ಸಂಜೆ ತೆಗೆದುಕೊಂಡದ್ದು 5.96. ದ್ವಿಬಂಧದ ಮೇಲಿನ ಒಂದೇ ಒಂದು ಹೈಡ್ರೋಜನ್. ಆದರೆ ಪೀಕನ್ನು ಗೆರೆಗಳಾಗಿ ಸೀಳುವ ನೆರೆಯ ಹೈಡ್ರೋಜನ್‌ಗಳು ನಾಲ್ಕು. ದ್ವಿಬಂಧದ ಟ್ರಾನ್ಸ್ (ಎದುರು) ಕಡೆಯದು 16.8 ಹರ್ಟ್ಸ್‌ನಷ್ಟು ಸೀಳುತ್ತದೆ, ಸಿಸ್ (ಅದೇ) ಕಡೆಯದು 10, ಪಕ್ಕದ ಸಿಎಚ್2ನ ಎರಡೂ ಸೇರಿ 6.7ರ ಅಂತರದ ತ್ರಿವಳಿ. ಎರಡು, ಎರಡು, ಮೂರು ಗುಣಿಸಿದರೆ 12 ಗೆರೆ ಇರಬೇಕು. ಎಷ್ಟು ಸಲ ಎಣಿಸಿದರೂ 10. ಕಡೆಗೆ ಕಾಗದದ ಮೇಲೆ ಗೆರೆ ಎಳೆದಾಗ ಹೊಳೆಯಿತು: 10ಕ್ಕೆ 6.7 ಕೂಡಿಸಿದರೆ 16.7. ಹೀಗಾಗಿ ಎರಡು ಜೋಡಿ ಗೆರೆಗಳು ಒಂದರ ಮೇಲೊಂದು ಕುಳಿತಿವೆ. ಅಣುವಿನ ಆಕಾರವನ್ನು ಇಷ್ಟು ಹತ್ತಿರದಿಂದ ನಾನು ಹಿಂದೆಂದೂ ಕಂಡಿರಲಿಲ್ಲ.

ಇನ್ನು 2.3ರ ವಿಷಯ. ಯೂಜಿನಾಲಿನ ಹನ್ನೆರಡು ಹೈಡ್ರೋಜನ್‌ಗಳಲ್ಲಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಅಸಿಟೇಟಿನ ಮೀಥೈಲ್ ಇರುವ ತಾಣ ಅದು. ಲವಂಗದಲ್ಲಿ ಯೂಜಿನೈಲ್ ಅಸಿಟೇಟ್ (ಯೂಜಿನಾಲಿನ ಓಎಚ್‌ನ ಹೈಡ್ರೋಜನ್ ಜಾಗದಲ್ಲಿ ಅಸಿಟೈಲ್ ಗುಂಪು ಇರುವುದು) ಸಹಜವಾಗಿಯೇ ಇರುತ್ತದೆ. ಬೇರ್ಪಡಿಸಲು ಎಣ್ಣೆಯನ್ನು ತಣ್ಣನೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದೊಂದಿಗೆ ಕುಲುಕಿದೆ. ಫೀನಾಲ್ (ಬೆಂಜೀನ್ ಉಂಗುರಕ್ಕೆ ಓಎಚ್ ಅಂಟಿದ, ತುಸು ಆಮ್ಲಗುಣದ ಸಂಯುಕ್ತ) ಆದ ಯೂಜಿನಾಲ್ ಲವಣವಾಗಿ ನೀರಿಗಿಳಿಯಿತು. ಆ ನೀರನ್ನು ಡೈಕ್ಲೋರೋಮೀಥೇನ್‌ನಿಂದ ತೊಳೆದಾಗ ಅಸಿಟೇಟ್ ಅದರೊಂದಿಗೆ ಹೊರಟುಹೋಯಿತು. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಕೂಡಲೇ ನೀರು ಹಾಲಿನಂತೆ ಬಿಳುಪಾಗಿ, ಯೂಜಿನಾಲ್ ಹನಿಹನಿಯಾಗಿ ತಳಕ್ಕಿಳಿಯಿತು.

ಹೊಸ ರೋಹಿತದಲ್ಲಿ 3.82ರ ಸಣ್ಣ ಪೀಕೂ ಇಲ್ಲ; ಅದು ಅಸಿಟೇಟಿನ ಮೀಥಾಕ್ಸಿಯೇ ಆಗಿತ್ತೆಂಬುದು ಖಾತ್ರಿ. 1.56ರಲ್ಲಿ ನೀರು ಮಾತ್ರ ಇನ್ನೂ ಇದೆ, ಒಣಗಿಸಿದ್ದು ಸಾಲದು.

ಯಂತ್ರದಲ್ಲಿ ಮುಂದಿನ ಸರದಿ ಗುರುವಾರ. ಅದೇ ನಳಿಗೆಗೆ ಒಂದು ಹನಿ ಭಾರಜಲ (ಡ್ಯೂಟೀರಿಯಂ ಇರುವ ನೀರು; ಓಎಚ್‌ನ ಹೈಡ್ರೋಜನ್ ಜಾಗಕ್ಕೆ ಡ್ಯೂಟೀರಿಯಂ ತರುತ್ತದೆ) ಹಾಕಿ ಕುಲುಕಿ, 5.5ರ ಬಳಿಯ ಓಎಚ್ ಪೀಕ್ ಅಳಿಸಿಹೋಗುತ್ತದೆಯೇ ಎಂದು ನೋಡುತ್ತೇನೆ.