ವಿಮಾನ ತಡವಾದರೆ ಗೇಟಿನ ಹತ್ತಿರ ಹೋಗಿ ಕೇಳಿ

ಕೆಲಸದ ಮೇಲೆ ತಿಂಗಳಿಗೆ ಎರಡು ಸಲವಾದರೂ ದೆಹಲಿಗೆ ಹೋಗಿ ಬರುತ್ತೇನೆ. ಕಳೆದ ಸಲ ಬೆಂಗಳೂರಿಂದ ರಾತ್ರಿ 8:40ಕ್ಕೆ ಹೊರಡಬೇಕಿದ್ದ ವಿಮಾನ ಮೊದಲು 9:30 ಅಂದರು, ಆಮೇಲೆ 10:45 ಅಂದರು, ಕೊನೆಗೆ 12:30ಕ್ಕೆ ಬಂದು ನಿಂತಿತು. ನನ್ನ ಪಕ್ಕ ತಿಪಟೂರು ಕಡೆಯ ವಯಸ್ಸಾದ ದಂಪತಿ ಕೂತಿದ್ದರು. ಮಗಳ ಮನೆಗೆ ಹೊರಟವರು. ಯಜಮಾನರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಅಲ್ಲಿನ ಊಟದ ರೇಟು ನೋಡಿ ಹಾಗೇ ವಾಪಸ್ ಬಂದು ಚೀಲದಿಂದ ಬಿಸ್ಕತ್ ತೆಗೆದು ತಿನ್ನುತ್ತಿದ್ದರು.

"ಊಟ ಕೊಡಿ ಅಂತ ಕೇಳಿದ್ರಾ ಅಮ್ಮಾ?" ಅಂದೆ. "ಅವ್ರನ್ನೇನು ಕೇಳೋದಪ್ಪಾ, ಕೇಳಿದ್ರೆ ಬೈತಾರೇನೋ ಅಂತ ಸುಮ್ನಿದ್ವಿ" ಅಂದರು ಆಕೆ.

ಈ ಮಾತು ಕೇಳಿ ನಿಜಕ್ಕೂ ಬೇಜಾರಾಯಿತು. ಅದು ಅವರು ಬೇಡಿ ತೆಗೆದುಕೊಳ್ಳುವ ಊಟ ಅಲ್ಲ, ವಿಮಾನ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲೇ ಇರುವುದು. ಎರಡೂವರೆ ಗಂಟೆಯೊಳಗಿನ ಪ್ರಯಾಣವಾದರೆ, ಅಂದರೆ ಬೆಂಗಳೂರು-ಮಂಗಳೂರು, ಬೆಂಗಳೂರು-ಹುಬ್ಬಳ್ಳಿ ಥರದ್ದು, 2 ಗಂಟೆ ತಡವಾದರೆ ತಿಂಡಿ ಊಟ ಕೊಡಬೇಕು. ಎರಡೂವರೆಯಿಂದ 5 ಗಂಟೆಯ ಪ್ರಯಾಣವಾದರೆ 3 ಗಂಟೆ ತಡವಾದಾಗ. ದೆಹಲಿ ಈ ಎರಡನೇ ಲೆಕ್ಕಕ್ಕೆ ಬರುತ್ತದೆ. ನಾನು ಗೇಟಿನ ಹತ್ತಿರ ಹೋಗಿ ಕೇಳಿದಾಗ ಅಲ್ಲಿದ್ದ ಹುಡುಗ ಮೊದಲು ನೀರಿನ ಬಾಟಲಿ ತೋರಿಸಿದ. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ, ನಿಯಮ ಹೀಗಿದೆ, ಮೇಲಿನವರನ್ನು ಕರೆಯಿರಿ ಅಂದೆ ಅಷ್ಟೇ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಊಟದ ಪೊಟ್ಟಣ ಬಂತು. ಆ ಹುಡುಗನದ್ದೂ ತಪ್ಪಲ್ಲ ಬಿಡಿ, ಬೆಳಗ್ಗಿಂದ ನಿಂತೇ ಇದ್ದ ಪಾಪ.

6 ಗಂಟೆಗಿಂತ ಜಾಸ್ತಿ ತಡವಾಗುತ್ತದೆ ಅಂತಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್, ಎರಡರಲ್ಲಿ ಒಂದನ್ನು ನೀವು ಕೇಳಬಹುದು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ರೂಮನ್ನೂ ಅವರೇ ಕೊಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಕುರ್ಚಿಗಳ ಮೇಲೆ ಮುದುರಿ ಮಲಗಿರುವುದನ್ನು ನೋಡಿದ್ದೇನೆ.

ವಿಮಾನವೇ ರದ್ದಾದರೆ ಲೆಕ್ಕ ಬೇರೆ. ಮೊದಲೇ ತಿಳಿಸದೆ ರದ್ದು ಮಾಡಿದರೆ ಹಣ ವಾಪಸ್ ಕೊಡುವುದು ಅಥವಾ ಬೇರೆ ವಿಮಾನ ಹತ್ತಿಸುವುದರ ಜೊತೆಗೆ ಪರಿಹಾರವೂ ಇದೆ. 1 ಗಂಟೆಯೊಳಗಿನ ಪ್ರಯಾಣಕ್ಕೆ 5,000 ರೂಪಾಯಿ, 2 ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿ ಇದ್ದರೆ 10,000. ನಿಮ್ಮ ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆ ಆದರೆ ಆ ಕಡಿಮೆ ಮೊತ್ತ ಸಿಗುತ್ತದೆ. ಆದರೆ ಮಂಜು, ಬಿರುಗಾಳಿ, ಮುಷ್ಕರ ಥರದ್ದು, ಕಂಪನಿಯ ಕೈಯಲ್ಲಿಲ್ಲದ ಕಾರಣವಾದರೆ ಈ ಪರಿಹಾರ ಇಲ್ಲ. ಅದಕ್ಕೇ ಕಾರಣ ಏನು ಅಂತ ಕೇಳಿ, ಅದನ್ನು ಬರಹದಲ್ಲಿ ಪಡೆದುಕೊಳ್ಳಿ. ಒಂದು ಇಮೇಲ್ ಅಥವಾ ಎಸ್‌ಎಂಎಸ್ ಸಾಕು, ಆಮೇಲೆ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬೇಕಾದರೆ ಅದೇ ಆಧಾರ.

ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಟಿಕೆಟ್ ಮಾಡಿಸುವಾಗ ಸರಿಯಾದ ಫೋನ್ ನಂಬರ್ ಕೊಡದಿದ್ದರೆ ಈ ಪರಿಹಾರ ಕೇಳುವ ಹಕ್ಕೇ ಹೋಗುತ್ತದೆ. ಆ ದಂಪತಿಯ ಟಿಕೆಟ್‌ನಲ್ಲಿ ಇದ್ದದ್ದು ಏಜೆಂಟ್ ನಂಬರ್. ವಿಮಾನ ತಡ ಅನ್ನುವ ಮೆಸೇಜೆಲ್ಲ ಆ ಏಜೆಂಟ್‌ಗೆ ಹೋಗಿದೆ, ಇವರು ಸಂಜೆ 5ಕ್ಕೇ ಬಂದು ಕೂತಿದ್ದಾರೆ. ನಿಮ್ಮ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸುವಾಗ ನಿಮ್ಮ ನಂಬರ್ ಆದರೂ ಹಾಕಿ, ಏಜೆಂಟ್‌ದು ಬೇಡ.

ಹೆಸರಿನ ವಿಷಯಕ್ಕೂ ಇದೇ ಎಚ್ಚರ ಬೇಕು. ನಮ್ಮ ಕಡೆ ಇನಿಷಿಯಲ್ ಇರುವವರೇ ಜಾಸ್ತಿ ಅಲ್ವಾ? ಆಧಾರ್‌ನಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಇನ್ನೊಂದು ಥರ, ಟಿಕೆಟ್‌ನಲ್ಲಿ ಊರಿನ ಹೆಸರೇ ಸರ್‌ನೇಮ್. ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಶುರುವಾದಾಗಿನಿಂದ ನಾನು ಅದನ್ನೇ ಬಳಸುತ್ತಿದ್ದೇನೆ, ಮುಖ ತೋರಿಸಿ ಒಳಗೆ ಹೋಗುವುದು ಸುಲಭ. ಆದರೆ ಅದು ಆಧಾರ್ ನೋಡಿ ಕೆಲಸ ಮಾಡುವುದು, ಹಾಗಾಗಿ ಟಿಕೆಟ್‌ನಲ್ಲೂ ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಹಾಕಿ. ತಪ್ಪಾದರೆ ಟಿಕೆಟ್ ಮಾಡಿಸಿದ ದಿನವೇ ಸರಿ ಮಾಡಿಸಿ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಕೊಂಡಿದ್ದರೆ 24 ಗಂಟೆಯೊಳಗೆ ಹೇಳಿದವರಿಗೆ ಸಣ್ಣ ತಿದ್ದುಪಡಿ ಪುಕ್ಕಟೆ.

ಇನ್ನು ತಡವಾಗುವುದನ್ನೇ ತಪ್ಪಿಸಬೇಕು ಅಂದರೆ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಒಂದೇ ವಿಮಾನ ದಿನವಿಡೀ ನಾಲ್ಕೈದು ಊರು ಸುತ್ತುತ್ತದೆ, ಬೆಳಗ್ಗೆ ಎಲ್ಲೋ ಆದ ಅರ್ಧ ಗಂಟೆ ತಡ ರಾತ್ರಿಯ ಹೊತ್ತಿಗೆ ಎರಡು ಮೂರು ಗಂಟೆ ಆಗಿರುತ್ತದೆ. ಡಿಸೆಂಬರ್ ಜನವರಿಯಲ್ಲಿ ಮಾತ್ರ ಇದನ್ನು ತಿರುಗಿಸಿ. ಆಗ ದೆಹಲಿಯಲ್ಲೂ ದೇವನಹಳ್ಳಿಯಲ್ಲೂ ಬೆಳಗಿನ ಮಂಜು ಇರುತ್ತದೆ, ಹತ್ತು ಗಂಟೆಯ ನಂತರದ್ದೇ ವಾಸಿ. ಫ್ಲೈಟ್‌ರೇಡಾರ್24 ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಯಾವ ಊರಲ್ಲಿದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ಇನ್ನೂ ಹಿಂದಿನ ಊರಿಂದ ಹೊರಟೇ ಇಲ್ಲ ಅಂದರೆ ಬೋರ್ಡ್ ಮೇಲೆ ಏನೇ ಬರೆದಿರಲಿ, ತಡ ಖಂಡಿತ. ಹಾಗಂತ ಮನೆಯಿಂದ ತಡವಾಗಿ ಹೊರಡಬೇಡಿ, ಚೆಕ್‌-ಇನ್ ಕೌಂಟರ್ ಹಳೆಯ ಹೊತ್ತಿಗೇ ಮುಚ್ಚಬಹುದು.

ಬೆಂಗಳೂರಲ್ಲಿ ಟರ್ಮಿನಲ್ 1, 2 ಯಾವುದು ಅಂತ ನೋಡಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಲ್ಲಿ, ಒಳನಾಡಿನವು ಕಂಪನಿ ಮೇಲೆ ಹೋಗುತ್ತವೆ.

ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್‌-ಇನ್ ಲಗೇಜಿಗೆ ಹಾಕಲೇಬೇಡಿ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಿಂತಿದ್ದ ವಿಮಾನವೇ ಸುಟ್ಟುಹೋಯಿತು, ತನಿಖೆಯವರ ಅನುಮಾನ ಪವರ್‌ಬ್ಯಾಂಕ್ ಮೇಲೇ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಡ, ನಾವು ಸಾಮಾನ್ಯವಾಗಿ ಕೊಳ್ಳುವ 20,000 ಎಂಎಎಚ್‌ನದ್ದು 74 ವ್ಯಾಟ್-ಅವರ್ ಆಗುತ್ತದೆ.

ಕೊಬ್ಬರಿ ವಿಷಯ ಹೇಳದೆ ಹೇಗಿರಲಿ? ಆ ಅಮ್ಮ ಮಗಳಿಗೆ ಅಂತ ತಮ್ಮ ತೋಟದ್ದೇ ಐದು ಕೆಜಿ ಕೊಬ್ಬರಿ ಕಟ್ಟಿಕೊಂಡು ಬಂದಿದ್ದರು, ಲಗೇಜ್ ಕೊಡುವಾಗ ಎಲ್ಲವನ್ನೂ ತೆಗೆಸಿದ್ದಾರೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯ ಇದೆ ಅಂತ ಅದನ್ನು ವಿಮಾನದಲ್ಲಿ ಬಿಡುವುದಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ನಿಯಮ ಸರಿಯೇ, ಆದರೆ ಟಿಕೆಟ್ ಮಾಡಿಸಿದ ಏಜೆಂಟ್ ಒಂದು ಮಾತು ಹೇಳಬಹುದಿತ್ತು. ಊಟ ಮಾಡುತ್ತಾ ಆಕೆ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು. ಮುಂದಿನ ಸಲ ರೈಲಲ್ಲಿ ಹೋಗುವ ಯಾರ ಕೈಯಲ್ಲಾದರೂ ಕಳಿಸಿ ಅಮ್ಮಾ, ಅಂದೆ.